ಬ್ಯಾಟರಿಯ ತಳದಲ್ಲಿ ಎರಡು ಗೀರು

ಮೊದಲ ಸೆಲ್ ಮೂವತ್ತನಾಲ್ಕು ಗ್ರಾಂ ತೂಗಿತು. ಎರಡನೆಯದು ಮೂವತ್ತಮೂರು. ಮೂರನೆಯದನ್ನು ತಕ್ಕಡಿಯ ಮೇಲೆ ಇಡುವ ಮೊದಲೇ ಅಂಗಡಿಯವರಿಗೆ ತಡೆಯಲಾಗಲಿಲ್ಲ.

"ಏನ್ ಮೇಡಂ, ಬಂಗಾರ ತೂಗ್ದಂಗೆ ತೂಗ್ತಿದ್ದೀರಲ್ಲ. ಬ್ಯಾಟ್ರೀನ ಯಾರಾದ್ರೂ ತೂಕದ್ ಮೇಲೆ ತಗೋತಾರಾ?"

"ಮೇಲೆ ಒಂಬತ್ತು ಸಾವಿರದ ಎಂಟುನೂರು ಅಂತ ಬರ್ದಿದೆ," ಎಂದೆ.

"ಬರ್ದಿದೆ ಅಲ್ವಾ, ಇನ್ನೇನ್ ಬೇಕು?"

"ಬರ್ದಿದೆ ಅಂತಾನೇ ತೂಗ್ತಿರೋದು."

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಮೊಬೈಲ್ ರಿಪೇರಿ ಅಂಗಡಿ ಅದು. ನಾನು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಅಂಗೈಯಗಲದ ಆ ತಕ್ಕಡಿಯನ್ನು ಪಕ್ಕದ ರಸಾಯನಶಾಸ್ತ್ರ ವಿಭಾಗದಿಂದ ಕೇಳಿ ತಂದಿದ್ದೆ. ತೂಗುತ್ತಿದ್ದದ್ದು ಹೆಬ್ಬೆರಳಿಗಿಂತ ತುಸು ದಪ್ಪಗಿರುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್‌ಗಳನ್ನು. ತಲೆಗೆ ಕಟ್ಟಿಕೊಳ್ಳುವ ಟಾರ್ಚಿನಲ್ಲಿರುವುದು ಇದೇ ಸೆಲ್. ಒಳ್ಳೆಯದಾದರೆ ನಲವತ್ತೈದು ಗ್ರಾಂ ಆಸುಪಾಸು ತೂಗುತ್ತದೆ. ಅದರಲ್ಲಿ ಹಿಡಿಯುವ ವಿದ್ಯುತ್ತನ್ನು ಮಿಲಿಆಂಪ್-ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ಈ ಗಾತ್ರದ ಸೆಲ್‌ನಲ್ಲಿ ಮೂರೂವರೆ ಸಾವಿರ ಹಿಡಿದರೆ ಬಹಳವಾಯಿತು. ಒಂಬತ್ತು ಸಾವಿರ ಎಂದು ಬರೆದವನು ಸೇರಿನ ಪಾತ್ರೆಯ ಮೇಲೆ ನೂರು ಸೇರಿನ ಪಲ್ಲ ಎಂದು ಬರೆದ ಹಾಗೆ.

ಮೂವತ್ತನಾಲ್ಕು ಗ್ರಾಮಿನದನ್ನು ಒಂದು ಮಾತ್ರ ಕೊಂಡೆ, ಸುಳ್ಳು ಎಷ್ಟು ದೊಡ್ಡದು ಎಂದು ಅಳೆಯಲು. ಆಮೇಲೆ ಮನೆಯಲ್ಲಿ ಅಳೆದಾಗ ಅದು ಎಂಟುನೂರ ಎಪ್ಪತ್ತು ಮಿಲಿಆಂಪ್-ಗಂಟೆ ಕೊಟ್ಟಿತು. ನಾನು ಸುಮ್ಮನೆ ನಿಂತೇ ಇದ್ದದ್ದನ್ನು ನೋಡಿ ಅಂಗಡಿಯವರು ಮೇಜಿನ ಕೆಳಗಿನಿಂದ ರಟ್ಟಿನ ಡಬ್ಬಿಯೊಂದನ್ನು ಎಳೆದರು. ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ ತೆಗೆದ ಸೆಲ್‌ಗಳು, ಎಲ್ಲವೂ ಒಂದೇ ಬಣ್ಣದವು.

"ಇವು ಕಂಪನಿ ಮಾಲು. ಹಳೇದು ಅಂತ ಬಾಯ್ಬಿಟ್ ಹೇಳ್ತೀನಿ, ಆಮೇಲೆ ಬಂದು ಜಗಳ ಆಡ್ಬಾರ್ದು."

ನಲವತ್ತೈದೂವರೆ, ನಲವತ್ತೈದು, ನಲವತ್ತಾರು. ಹಳೆಯದು ಎಂದು ತಾವಾಗಿಯೇ ಹೇಳಿದ್ದು ನನಗೆ ಹೊಸ ಅನುಮಾನ ತಂದಿತು. ನಿಜ ಹೇಳುವವರು ಇನ್ನೇನನ್ನೋ ಮುಚ್ಚಿಡಲು ನಿಜ ಹೇಳುತ್ತಾರೆ ಎಂಬುದು ಆಗ ನನ್ನ ತಿಳುವಳಿಕೆ. ಹನ್ನೆರಡು ಸೆಲ್ ತೆಗೆದುಕೊಂಡೆ. ಡಬ್ಬಿಯಲ್ಲಿ ಇನ್ನೂ ಅಷ್ಟೇ ಉಳಿದಿದ್ದವು.

ಇವು ಬೇಕಾಗಿದ್ದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹೊಗೆಸೊಪ್ಪಿನ ಬ್ಯಾರನ್ನಿಗೆ. ಬ್ಯಾರನ್ ಎಂದರೆ ಕಡ್ಡಿಗಳಿಗೆ ಕಟ್ಟಿದ ಹಸಿರೆಲೆಯನ್ನು ಸಾಲು ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳ ಮೂಲಕ ಕಾವು ಹಾಯಿಸಿ ಎಲೆಯನ್ನು ಬೇಯಿಸುವ ಎತ್ತರದ ಕೋಣೆ. ಅದನ್ನು ನೋಡಿಕೊಳ್ಳುವವರು ನಮ್ಮೂರಿನಲ್ಲಿ ಹುಟ್ಟಿ ಆ ಕಡೆಗೆ ಮದುವೆಯಾಗಿ ಹೋದವರು. ಊರಿನ ಹೆಣ್ಣುಮಗಳಾದ್ದರಿಂದ ನನಗೆ ಅತ್ತೆ. ನಮ್ಮದು ಕೆ.ಆರ್. ನಗರದ ಕಡೆಯ ಗದ್ದೆ ಸೀಮೆ. ಬ್ಯಾರನ್ನಿನ ವಿಷಯ ನಮಗೆ ದೂರದ ಮಾತು.

ಅತ್ತೆ ಒಂದು ಮದುವೆಮನೆಯಲ್ಲಿ ಸಿಕ್ಕಾಗ ನನ್ನನ್ನು ಕಂಬದ ಮರೆಗೆ ಕರೆದಿದ್ದರು. ಅವರ ಒಂದು ಕಣ್ಣಿಗೆ ಪೊರೆ ತೆಗೆಸಿಯಾಗಿತ್ತು, ಇನ್ನೊಂದು ಮಂಜು. ಬ್ಯಾರನ್ನಿನ ಒಳಗೆ ತೂಗುಹಾಕಿದ ಗಾಜಿನ ಥರ್ಮಾಮೀಟರನ್ನು ಪುಟ್ಟ ಕಿಟಕಿಯಿಂದ ಇಣುಕಿ ಓದಬೇಕು. ಕಿಟಕಿಯ ಗಾಜಿಗೋ ಸದಾ ಆವಿ.

"ನಿಮ್ ಮಾವ ಸತ್ ಮ್ಯಾಲೆ ಹನ್ನೆಲ್ಡ್ ವರ್ಸದಿಂದ ಒಲೆ ನಂದೇ ಕಣವ್ವ. ಈಗ ನನ್ ಮೈದ ಅತ್ಗೆಗೆ ಕಣ್ ಕಾಣಾಕಿಲ್ಲ, ನಾನ್ ನೋಡ್ಕತೀನಿ ಅಂತ ಕುಂತವ್ನೆ. ಅವ್ನ್ ನೋಡ್ಕಂಡ್ರೆ ಸೊಪ್ಪು ಸೌದೆ ಆಯ್ತದೆ. ನೀನು ಏನೋ ಪೆಟ್ಗೆ ಮಾಡ್ತೀಯಂತಲ್ಲ, ಕಾವು ಏರುದ್ರೆ ಕೂಗ್ಕಳಂಗೆ ಒಂದ್ ಮಾಡ್ಕೊಡು."

ಇಂಥ ಪೆಟ್ಟಿಗೆಗಳನ್ನು ಮಾಡುವುದು ನನ್ನ ಹವ್ಯಾಸ. ಯಾರಿಗೂ ಹೇಳಿಕೊಂಡವಳಲ್ಲ. ಅತ್ತೆಗೆ ಹೇಳಿದ್ದು ಅಮ್ಮನೇ ಇರಬೇಕು.

ಪೆಟ್ಟಿಗೆ ಕಷ್ಟದ್ದಲ್ಲ. ತಂತಿಯ ತುದಿಯ ಸೆನ್ಸರ್ ಬ್ಯಾರನ್ನಿನ ಒಳಗೆ, ಪೆಟ್ಟಿಗೆ ಒಲೆಯಿಂದ ದೂರದ ಹೊರಗೋಡೆಯಲ್ಲಿ. ದೊಡ್ಡ ಅಂಕಿಗಳು, ಕಾವು ಇಳಿದರೆ ಒಂದು ಉದ್ದನೆಯ ಸದ್ದು, ಏರಿದರೆ ಮೂರು ಗಿಡ್ಡ ಸದ್ದು. ಬ್ಯಾಟರಿ ತಗ್ಗಿದರೆ ಕೆಂಪು ದೀಪ. ಮಳೆಗಾಲದಲ್ಲಿ ಆ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಆದ್ದರಿಂದ ಬ್ಯಾಟರಿಯೇ ಆಗಬೇಕು. ಲೆಕ್ಕ ಹಾಕಿದಾಗ ಪೆಟ್ಟಿಗೆ ಸುಮಾರು ನಲವತ್ತು ಮಿಲಿಆಂಪ್ ಎಳೆಯುತ್ತಿತ್ತು. ಎರಡು ಸಾವಿರದ ನಾನೂರು ಹಿಡಿಯುವ ಸೆಲ್ ಇದ್ದರೆ ಅರವತ್ತು ಗಂಟೆ. ಎರಡು ದಿನಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೆ ಸೆಲ್ ಬದಲಿಸಿದರೆ ಹನ್ನೆರಡು ಗಂಟೆ ಮಿಕ್ಕುತ್ತದೆ. ಒಂದು ಸೆಲ್ ಪೆಟ್ಟಿಗೆಯಲ್ಲಿ, ಇನ್ನೊಂದು ಚಾರ್ಜ್ ಆಗಿ ಕಾದಿರುತ್ತದೆ.

ಚಾರ್ಜರ್ ಆರಿಸಲು ಹತ್ತು ದಿನ ಹಿಡಿಯಿತು. ಲಿಥಿಯಂ ಸೆಲ್ ತುಂಬಿದಾಗ ನಾಲ್ಕು ಪಾಯಿಂಟ್ ಎರಡು ವೋಲ್ಟ್ ಇರಬೇಕು. ಅದಕ್ಕಿಂತ ಮೇಲೆ ತಳ್ಳಿದರೆ ಸೆಲ್ ಬೇಗ ಕೆಡುತ್ತದೆ, ಇನ್ನೂ ತಳ್ಳಿದರೆ ಬಿಸಿಯಾಗಿ ಹೊತ್ತಿಕೊಳ್ಳಲೂಬಹುದು. ಅಂಗಡಿಯಲ್ಲಿ ತೂಗುಹಾಕಿದ್ದ ಸೆಲ್ ಕೂರಿಸಲು ಎರಡು ಗುಂಡಿ ಇರುವ ಚಾರ್ಜರನ್ನು ಮೊದಲು ನೋಡಿದೆ. ಹಸಿರು ದೀಪ ಬಂದ ಮೇಲೂ ಮೀಟರ್ ಇಟ್ಟು ಕಾದೆ. ದೀಪ ಹಸಿರಾಗಿದ್ದರೂ ಒಳಗೆ ವಿದ್ಯುತ್ ಹರಿಯುತ್ತಲೇ ಇತ್ತು. ನಾಲ್ಕು ಪಾಯಿಂಟ್ ಎರಡು ಒಂಬತ್ತು ತಲುಪಿದಾಗ ನಾನೇ ಕಿತ್ತೆ. ಎರಡನೆಯದು ಬೆಸುಗೆ ಹಾಕಿಕೊಳ್ಳುವ ಚಿಕ್ಕ ನೀಲಿ ಸರ್ಕ್ಯೂಟ್ ಹಲಗೆ. ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು, ಆದರೆ ಹಳೆಯ ಸೆಲ್‌ಗೆ ಒಂದು ಆಂಪ್ ತಳ್ಳಿ ಬೆರಳಿಡಲಾಗದಷ್ಟು ಬಿಸಿಯಾಗುತ್ತಿತ್ತು. ಮೂರನೆಯದು ನಾಲ್ಕು ಗುಂಡಿಯದು, ಪರದೆ ಇದ್ದದ್ದು. ಅರ್ಧ ಆಂಪಿಗೆ ಇಳಿಸಬಹುದು. ನಾಲ್ಕು ಪಾಯಿಂಟ್ ಒಂದು ಒಂಬತ್ತಕ್ಕೆ ಬಂದು, ಹರಿವು ತೆಳ್ಳಗಾಗಿ, ಪೂರ್ತಿ ನಿಂತಿತು. ಪರದೆ ಹೇಳಿದ್ದನ್ನು ನಂಬದೆ ಪ್ರಯೋಗಾಲಯದ ಮೀಟರಿನಲ್ಲಿ ಮೂರು ಸಲ ನೋಡಿದೆ. ಅದನ್ನೇ ಇಟ್ಟುಕೊಂಡು ಅಂಥದ್ದೇ ಇನ್ನೊಂದನ್ನು ಅತ್ತೆಯ ಮನೆಗೆಂದು ತರಿಸಿದೆ.

ಸೆಲ್‌ಗಳ ಪರೀಕ್ಷೆಯನ್ನು ಮನೆಯ ಜಗಲಿಯಲ್ಲಿ ಮಾಡಿದೆ. ಪೂರ್ತಿ ತುಂಬಿಸುವುದು, ಒಂದು ಗಂಟೆ ಸುಮ್ಮನೆ ಬಿಡುವುದು, ಅರ್ಧ ಆಂಪಿನಲ್ಲಿ ಮೂರು ವೋಲ್ಟಿನ ತನಕ ಖಾಲಿ ಮಾಡುವುದು, ಎಷ್ಟು ಹೊರಬಂತೆಂದು ಬರೆಯುವುದು. ಮತ್ತೆ ತುಂಬಿಸಿ ಹತ್ತು ದಿನ ಮುಟ್ಟದೆ ಇಟ್ಟು, ತಾನಾಗಿ ಸೋರುತ್ತದೆಯೇ ಎಂದು ನೋಡುವುದು. ಪಕ್ಕದಲ್ಲಿ ಮರಳು ತುಂಬಿದ ಮಡಕೆ, ಯಾವುದಾದರೂ ಬಿಸಿಯಾದರೆ ಅದರೊಳಗೆ ಹಾಕಲು.

"ಒಂದ್ ಮಗ ಸಾಕ್ದಂಗ್ ಸಾಕ್ತಿದ್ದೀಯಲ್ಲೇ," ಎಂದರು ಅಮ್ಮ. "ಆ ಮಡ್ಕೆ ತೆಗ್ದು ನೀನೇ ಅದ್ರೊಳಗ್ ಕೂತ್ಕೋ, ನಮಗೂ ಧೈರ್ಯ."

ಹನ್ನೆರಡರಲ್ಲಿ ಎರಡು ಸೋರುತ್ತಿದ್ದವು, ಒಂದು ಬಿಸಿಯಾಯಿತು. ಉಳಿದ ಒಂಬತ್ತರಲ್ಲಿ ಅತ್ಯಂತ ಸಮನಾದ ಎರಡನ್ನು ಆರಿಸಿದೆ: ಎರಡು ಸಾವಿರದ ನಾನೂರ ಐವತ್ತು, ಎರಡು ಸಾವಿರದ ನಾನೂರ ನಲವತ್ತು. ಅವನ್ನು ಕೊಡುವ ಹಿಂದಿನ ದಿನ ಇನ್ನೊಂದು ಕೆಲಸ ಮಾಡಿದೆ. ಸೂಜಿಯ ಮೊನೆಯಿಂದ ಎರಡರ ತಳದ ಲೋಹದ ಅಂಚಿನಲ್ಲಿಯೂ ಕೂದಲೆಳೆಯಂಥ ಎರಡು ಗೀರು ಎಳೆದೆ. ಅತ್ತೆಯ ಊರು ಕಾಡಿನ ಅಂಚು. ಆನೆ ಕಾಯಲು ಮನೆಗೊಂದು ತಲೆಟಾರ್ಚು, ಅದರೊಳಗೆ ಇದೇ ಸೆಲ್. ನನ್ನ ಒಳ್ಳೆಯ ಸೆಲ್ ಟಾರ್ಚಿಗೆ ಹೋಗಿ ಟಾರ್ಚಿನ ಕೆಟ್ಟದ್ದು ಪೆಟ್ಟಿಗೆಗೆ ಬಂದರೆ ಗೊತ್ತಾಗಬೇಕಲ್ಲ. ಯಾರಿಗೂ ಹೇಳಲಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿಯನ್ನೂ ಅಂಟಿಸಿದೆ. ಎರಡು ದಿನಕ್ಕೊಮ್ಮೆ ಬದಲಿಸಿ. ಚಾರ್ಜ್ ಆದ ಕೂಡಲೇ ಚಾರ್ಜರಿನಿಂದ ತೆಗೆಯಿರಿ. ತೇವ ಸೋಕದ ಜಾಗದಲ್ಲಿ ಇಡಿ. ಈ ಮೂರೂ ಸಾಲನ್ನು ಅತ್ತೆಗೆ ಓದಿ ಹೇಳಿ, ಅವರಿಂದ ತಿರುಗಿ ಹೇಳಿಸಿದೆ. ಒಂದೂ ತಪ್ಪಲಿಲ್ಲ.

ಮೊದಲ ಬ್ಯಾರನ್ ಚೆನ್ನಾಗಿ ಬಂತು. ಒಂದು ಸಲ ಸೊಪ್ಪು ತುಂಬಿ, ಬೇಯಿಸಿ, ಇಳಿಸುವುದಕ್ಕೆ ಅವರು ಒಂದು ಬ್ಯಾರನ್ ಎನ್ನುತ್ತಾರೆ. ಐದಾರು ದಿನದ ಕೆಲಸ. ಎರಡನೆಯದು, ಮೂರನೆಯದು, ಹೀಗೆ ಏಳು ಬ್ಯಾರನ್ ಬಂದವು. ಅತ್ತೆ ಪ್ರತಿ ಸಲವೂ ಫೋನ್ ಮಾಡಿ, "ಸೊಪ್ಪು ನಿಂಬೆಹಣ್ಣು ಕಣವ್ವ," ಎನ್ನುತ್ತಿದ್ದರು. ಎಂಟನೆಯದರ ಮೂರನೆಯ ದಿನ ಬಂದ ಫೋನಿನಲ್ಲಿ ಅವರ ದನಿ ಇರಲಿಲ್ಲ. ಅದು ಅವರ ಮೈದುನ.

"ನಿಮ್ ಪೆಟ್ಗೆ ಕೂಗ್ನಿಲ್ಲ ಕಣ್ರೀ. ಸತ್ತೋಗಿತ್ತು. ಕೆಳಗಿನ್ ಸಾಲು ಪೂರಾ ಕರ್ರಗಾಗದೆ. ಬಂದ್ ನೋಡ್ಕಂಡೋಗಿ."

ಹೋದೆ. ಎಲೆ ಮೊದಲು ತಗ್ಗಿದ ಕಾವಿನಲ್ಲಿ ಹಳದಿಯಾಗಬೇಕು. ಆಮೇಲಷ್ಟೇ ಕಾವು ಏರಿಸಿ ಒಣಗಿಸಬೇಕು. ಹಳದಿಯಾಗುವ ಮೊದಲೇ ಕಾವು ಏರಿದರೆ ಎಲೆ ಬೆಂದು ಕಂದುತ್ತದೆ. ನಡುಮಧ್ಯಾಹ್ನ ಅತ್ತೆ ಹೊಲದಲ್ಲಿ ಎಲೆ ಮುರಿಯುತ್ತಿದ್ದಾಗ ಪೆಟ್ಟಿಗೆ ನಿಂತಿತ್ತು. ಒಲೆಗೆ ಹಾಕಿದ್ದ ಒಣ ಸೌದೆ ಒಮ್ಮೆಲೇ ಹತ್ತಿಕೊಂಡಿತ್ತು. ಕೆಂಪು ದೀಪ ಉರಿದಿರಬೇಕು, ನೋಡುವವರು ಇರಲಿಲ್ಲ.

ಮೈದುನ ಕಂದಿದ ಕಡ್ಡಿಯೊಂದನ್ನು ನನ್ನ ಕಾಲ ಬಳಿ ಹಾಕಿದರು. ನನಗಲ್ಲ, ಅತ್ತೆಗೆ ಹೇಳಿದರು. "ಅತ್ಗೆ, ನಿಮ್ಗೆ ಕಣ್ಣೂ ಇಲ್ಲ, ಈಗ ಕೂಗೋ ಪೆಟ್ಗೇನೂ ಇಲ್ಲ. ಇನ್ನ ಎಲ್ಡ್ ಬ್ಯಾರನ್ ಸೊಪ್ಪದೆ. ಮುಂದಿಂದ್ ಕೆಟ್ರೆ ಒಲೆ ನಂದು. ಆಮೇಲ್ ಮಾತಿಲ್ಲ."

ಅತ್ತೆ ಕಡ್ಡಿಯನ್ನು ಎತ್ತಿಕೊಂಡು, ಎಲೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು. 

ಎರಡೂ ಸೆಲ್‌ಗಳನ್ನು ಮನೆಗೆ ತಂದೆ. ಬಸ್ಸಿನಲ್ಲಿಯೇ ತಳ ನೋಡಬೇಕೆನಿಸಿತು, ಪಕ್ಕದಲ್ಲಿ ಜನರಿದ್ದರು. ಟಾರ್ಚಿನದಕ್ಕೆ ಬದಲಿಸಿದ್ದಾರೆ ಎಂಬುದರಲ್ಲಿ ನನಗೆ ಸಂದೇಹವೇ ಇರಲಿಲ್ಲ. ಮೈದುನ ಬೇಕೆಂದೇ ಬದಲಿಸಿದ್ದರೂ ಆಶ್ಚರ್ಯವಿಲ್ಲ ಎಂದು ಹುಣಸೂರು ದಾಟುವ ಹೊತ್ತಿಗೆ ತೀರ್ಮಾನಿಸಿದ್ದೆ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಎರಡು ಗೀರು. ಇನ್ನೊಂದರಲ್ಲೂ ಎರಡು ಗೀರು. ನನ್ನವೇ.

ಪರೀಕ್ಷೆಗೆ ಹಾಕಿದೆ. ಒಂದು ಸಾವಿರದ ಆರುನೂರ ಎಂಬತ್ತು. ಒಂದು ಸಾವಿರದ ಆರುನೂರ ಹತ್ತು. ಅಂದರೆ ನಲವತ್ತೆರಡು ಗಂಟೆ, ನಲವತ್ತು ಗಂಟೆ. ಸಂಜೆ ಹಾಕಿದ ಸೆಲ್ ಮರುದಿನವಲ್ಲದೆ ಅದರ ಮರುದಿನ ಮಧ್ಯಾಹ್ನ ಸಾಯಲೇಬೇಕಿತ್ತು. ಸತ್ತಿತು. ಎರಡು ತಿಂಗಳಿನಲ್ಲಿ ಮೂರರಲ್ಲೊಂದು ಪಾಲು ಇಲ್ಲವಾಗಿತ್ತು. ಸರಿಯಾಗಿ ಬಳಸಿದ ಸೆಲ್ ಹಾಗೆ ಸೊರಗುವುದಿಲ್ಲ.

ಹಾಗಾದರೆ ಅಂಗಡಿಯವರು. ಸತ್ತ ಸೆಲ್‌ಗೆ ಏನೋ ಮಾಡಿ ಎರಡು ದಿನ ಮೆರೆಯುವ ಹಾಗೆ ಮಾಡಿರಬೇಕು. ಮರುದಿನ ಕಾಲೇಜು ಬಿಟ್ಟ ಮೇಲೆ ಹೋಗಿ ಮೇಜಿನ ಮೇಲೆ ಎರಡೂ ಸೆಲ್ ಇಟ್ಟೆ.

"ಜಗಳ ಆಡ್ಬಾರ್ದು ಅಂದಿದ್ದೆ," ಎಂದರು ಅವರು.

"ಜಗಳ ಅಲ್ಲ. ಇವು ಕೆಟ್ಟಿವೆ."

"ಕೆಟ್ಟಿದ್ರೆ ನೀವ್ ಕೆಡಿಸಿದ್ದೀರ." ರಟ್ಟಿನ ಡಬ್ಬಿ ಮತ್ತೆ ಮೇಲೆ ಬಂತು. "ಅದೇ ಲಾಟು, ಇನ್ನೂ ಎಂಟು ಅವೆ. ತಗೊಂಡೋಗಿ, ತೂಗಿ, ಅಳೀರಿ, ಬೇಕಾದ್ರೆ ಜಾತ್ಕ ಬರೆಸಿ. ಸರಿಯಾಗಿದ್ರೆ ಬಂದು ಒಂದ್ ಟೀ ಕುಡಿಸ್ಬೇಕು, ಅಷ್ಟೇ."

ಎಂಟರಲ್ಲಿ ಆರು ಎರಡು ಸಾವಿರದ ನಾನೂರರ ಆಚೀಚೆ ಬಂದವು. ಅದೇ ವಯಸ್ಸು, ಅದೇ ಲಾಟು. ಮನೆಯಲ್ಲಿ ನಾನು ಉಳಿಸಿಕೊಂಡಿದ್ದ ಏಳೂ ಮೊದಲಿನಂತೆಯೇ ಇದ್ದವು. ಅತ್ತೆಯ ಮನೆಯ ಚಾರ್ಜರನ್ನು ತರಿಸಿ ನೋಡಿದೆ: ನಾಲ್ಕು ಪಾಯಿಂಟ್ ಎರಡು, ಪೂರ್ತಿ ನಿಲ್ಲುತ್ತದೆ. ನನ್ನ ಮೀಟರನ್ನೇ ಅನುಮಾನಿಸಿ ಕಾಲೇಜಿನ ಇನ್ನೆರಡು ಮೀಟರಿನ ಜೊತೆ ಹೋಲಿಸಿದೆ. ಸರಿಯಿತ್ತು. ಅಂಗಡಿಯವರಿಗೆ ಟೀ ಕುಡಿಸಿದೆ. ಅವರು ಬನ್ನನ್ನೂ ತರಿಸಿಕೊಂಡರು.

ಅನುಮಾನಿಸಲು ಇನ್ನು ವಸ್ತುಗಳು ಉಳಿದಿರಲಿಲ್ಲ. ನಾನು ನೋಡದೇ ಇದ್ದದ್ದು ಒಂದೇ: ಸೆಲ್ ಅತ್ತೆಯ ಕೈಯಲ್ಲಿ ಇದ್ದ ದಿನಗಳು. ಒಂಬತ್ತನೆಯ ಬ್ಯಾರನ್ನಿಗೆ ಸೊಪ್ಪು ತುಂಬುವ ದಿನ ಮುಂಜಾನೆಯ ಬಸ್ಸಿಗೆ ಹೊರಟೆ. ಚಾರ್ಜರನ್ನೂ ಹೊಸ ಎರಡು ಸೆಲ್‌ಗಳನ್ನೂ ಕೊಟ್ಟು, ಇವತ್ತು ಇಡೀ ದಿನ ಇಲ್ಲೇ ಇರುತ್ತೇನೆ ಎಂದಷ್ಟೇ ಹೇಳಿದೆ. ಯಾಕೆಂದು ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ. ಒಲೆಯ ಎದುರಿನ ಕಲ್ಲನ್ನು ಸೆರಗಿನಿಂದ ಒರೆಸಿ, "ಕೂತ್ಕ," ಎಂದರು.

ನಾನು ಕೂತು ನೋಡಿದೆ. ಕಳ್ಳರನ್ನು ಕಾಯುವವರು ಹೀಗೇ ಕೂರುತ್ತಾರೇನೋ. ಅತ್ತೆ ಒಂದು ಸೆಲ್ಲನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಮನೆಯೊಳಗಿನ ಚಾರ್ಜರಿಗೆ ಹಾಕಿದರು. ಕಡ್ಡಿಗಳು ಕೈಯಿಂದ ಕೈಗೆ ಬ್ಯಾರನ್ನಿನ ಒಳಗೆ ಏರಿದವು. ಮೈದುನ ಸೌದೆ ತಂದು ಹಾಕಿ, "ಪಾರಾ ಕಾಯಕ್ ಪೊಲೀಸ್ನೋರು ಬಂದವ್ರಲ್ಲ," ಎಂದು ನಕ್ಕು ಹೋದರು. ಒಲೆ ಹತ್ತಿತು. ಮಳೆ ಜಿನುಗುತ್ತಲೇ ಇತ್ತು. ಮನೆಯ ಒಳಗೋಡೆಗಳಲ್ಲೂ ನೀರಿನ ಪಸೆ. ಊಟದ ಉಪ್ಪು ಕೂಡ ಒದ್ದೆ ಇರಬೇಕಿತ್ತು. ಆದರೆ ಅತ್ತೆ ಬಡಿಸಿದ ಉಪ್ಪು ಪುಡಿಪುಡಿಯಾಗಿತ್ತು. ಅದನ್ನು ನಾನು ಗಮನಿಸಿದೆ, ಯೋಚಿಸಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಅತ್ತೆ ಒಳಗೆ ಹೋಗಿ ಚಾರ್ಜ್ ಆದ ಸೆಲ್ಲನ್ನು ತಂದರು. ತಡ ಮಾಡಿರಲಿಲ್ಲ, ಚೀಟಿಯಲ್ಲಿ ಬರೆದ ಹಾಗೆಯೇ. ಅದನ್ನು ಸೆರಗಿನಿಂದ ಸುತ್ತಲೂ ಒರೆಸಿ, ತುಂಡು ಬಟ್ಟೆಯಲ್ಲಿ ಸುತ್ತಿ, ಒಲೆಯ ಬಾಯಿಯ ಮೇಲೆ ಗೋಡೆಯಲ್ಲಿದ್ದ ಗೂಡಿಗೆ ಕೈ ಹಾಕಿದರು. ಅಲ್ಲಿ ಉಪ್ಪಿನ ಡಬ್ಬಿ ಇತ್ತು. ಬೆಂಕಿಪೊಟ್ಟಣ ಇತ್ತು. ಬಟ್ಟೆಯಲ್ಲಿ ಕಟ್ಟಿದ ಅವರೆ ಬಿತ್ತನೆ ಇತ್ತು. ಅವುಗಳ ನಡುವೆ ಸೆಲ್ಲನ್ನು ಮಲಗಿಸಿದರು.

ನಾನು ಎದ್ದು ನಿಂತೆ. "ಅತ್ತೆ, ಅಲ್ಲಿ ಯಾಕೆ?"

"ಇನ್ನೆಲ್ ಮಡಗ್ಲವ್ವ? ತೇವ ಸೋಕಬಾರ್ದು ಅಂತ ನೀನೇ ಯೋಳಿದ್ದೆ. ಈ ಮಳೇಲಿ ನಮ್ಮನೇಲಿ ತೇವ ಇಲ್ದಿರೋ ಜಾಗ ಇದೊಂದೇ. ಉಪ್ಪು, ಬೀಜ, ಕಡ್ಡಿಪೊಟ್ಣ ಎಲ್ಲ ಇಲ್ಲೇ. ನಮ್ಮತ್ತೆ ಕಾಲದಿಂದ ಇಂಗೇ. ಬ್ಯಾರನ್ ಇರೋ ಮನೇವ್ರೆಲ್ಲ ಇಂಗೇ."

ಚೀಲದಿಂದ ಥರ್ಮಾಮೀಟರ್ ತೆಗೆದು ಗೂಡಿನೊಳಗೆ ಇಟ್ಟು ಹತ್ತು ನಿಮಿಷ ಕಾದೆ. ಐವತ್ತೊಂಬತ್ತು ಡಿಗ್ರಿ. ತುಂಬಿದ ಲಿಥಿಯಂ ಸೆಲ್ಲನ್ನು ಆ ಕಾವಿನಲ್ಲಿ ಎರಡೆರಡು ದಿನ, ಎರಡು ತಿಂಗಳು ಇಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ತೇವಕ್ಕಿಂತ ಅದರ ದೊಡ್ಡ ಶತ್ರು ಬಿಸಿ ಎಂಬುದೂ ಗೊತ್ತಿತ್ತು. ಚೀಟಿಯಲ್ಲಿ ಬಿಸಿಯ ಮಾತೇ ಇರಲಿಲ್ಲ. ನಮ್ಮ ಗದ್ದೆ ಸೀಮೆಯಲ್ಲಿ ಮಳೆಗಾಲಕ್ಕೆ ಕೆಡುವುದೆಲ್ಲ ತೇವದಿಂದಲೇ; ಬಿಸಿ ಗೂಡೊಂದು ಮನೆಯಲ್ಲಿ ಇರಬಹುದೆಂದು ನನಗೆ ತೋಚಿರಲಿಲ್ಲ. ಹನ್ನೆರಡು ಸೆಲ್ಲನ್ನು ತೂಗಿದವಳು ಆ ಮನೆಯನ್ನು ಒಂದು ಸಲ ಸುತ್ತಿ ನೋಡಿರಲಿಲ್ಲ.

"ಎಷ್ಟೈತೆ?" ಎಂದರು ಅತ್ತೆ.

ಅವರ ಲೆಕ್ಕ ಫ್ಯಾರನ್‌ಹೀಟಿನದು. ಮನಸ್ಸಿನಲ್ಲೇ ಬದಲಿಸಿ ಹೇಳಿದೆ. "ನೂರ ಮೂವತ್ತೆಂಟು."

ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಅದು ಎಲೆ ಒಣಗೋ ಕಾವಲ್ವಾ! ಅಂದ್ರೆ ಸೊಪ್ಪಿನ್ ಜೊತೆ ನಾನು ಬ್ಯಾಟ್ರೀನೂ ಬೇಯಿಸ್ದೆ ಅನ್ನು."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಮೈದುನ ಸೌದೆಯೊಂದಿಗೆ ಬಂದು, ಮಾತಿನ ತುದಿಯನ್ನು ಕೇಳಿಸಿಕೊಂಡು ನಿಂತರು. "ಏನು, ಅತ್ಗೇನೇ ಬ್ಯಾಟ್ರಿ ಸುಟ್ರಾ? ನಾನ್ ಯೋಳಿರ್ನಿಲ್ವಾ?"

ಸುಮ್ಮನಿರಬಹುದಿತ್ತು. ಬದಲಾಯಿಸಿ ಕೊಡುತ್ತೇನೆ ಎಂದಷ್ಟೇ ಹೇಳಿ ಬಸ್ಸಿಗೆ ಹೋಗಬಹುದಿತ್ತು. ಮಾತು ಬೆಳೆಸುವುದು ನನ್ನ ಸ್ವಭಾವವಲ್ಲ. ಆದರೆ ಆ ಕ್ಷಣದಲ್ಲಿ ಒಲೆ ಯಾರದು ಎಂಬುದು ಆ ಒಂದು ಮಾತಿನ ಮೇಲೆ ನಿಂತಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಚೀಟಿಯನ್ನು ಅವರ ಮುಂದೆ ಗಟ್ಟಿಯಾಗಿ ಓದಿದೆ. ಮೂರು ಸಾಲು. "ಅತ್ತೆ ಇದರಲ್ಲಿ ಬರೆದದ್ದನ್ನೆಲ್ಲ ಮಾಡಿದ್ದಾರೆ. ಬರೆಯಬೇಕಾದ್ದನ್ನು ನಾನು ಬರೆದಿಲ್ಲ. ಆ ಬ್ಯಾರನ್ ಕೆಡಿಸಿದ್ದು ನಾನು," ಎಂದೆ.

ಮೈದುನ ಮುಚ್ಚಳವನ್ನು ಇಸಿದುಕೊಂಡು ತಾವೂ ಓದಿದರು. ಸೌದೆ ಕೆಳಗೆ ಹಾಕಿದರು. "ಆಯ್ತು ಬುಡಿ. ಆದ್ರೆ ಈ ಬ್ಯಾರನ್ ಕೆಟ್ರೆ ನನ್ ಮಾತು ಮಾತೇ," ಎಂದು ಹೋದರು.

ಮುಂದಿನ ಪ್ರಶ್ನೆ, ಸೆಲ್ಲನ್ನು ಎಲ್ಲಿಡುವುದು. ಬಿಸಿಯನ್ನು ಹೆಚ್ಚು ತಡೆಯುವ ಬೇರೊಂದು ಬಗೆಯ ಲಿಥಿಯಂ ಸೆಲ್ ಇದೆ. ಅದನ್ನು ತರಿಸೋಣವೆಂದು ಮೊದಲು ಯೋಚಿಸಿದೆ. ಆದರೆ ಅದರ ಗಾತ್ರವೂ ಇದೇ, ತುಂಬುವ ವೋಲ್ಟ್ ಮಾತ್ರ ಕಡಿಮೆ. ಟಾರ್ಚಿನ ಸೆಲ್ಲೂ ಅದೂ ಒಂದೇ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ತಪ್ಪು ಚಾರ್ಜರಿಗೆ ಹೋಗುತ್ತದೆ. ಬೇಡವೆನಿಸಿತು. ಸೆಲ್ ಅದೇ ಇರಲಿ, ಜಾಗ ಬದಲಾಗಲಿ. "ಇಪ್ಪತ್ತೈದು ಡಿಗ್ರಿಯ ಆಸುಪಾಸು" ಎಂದು ಬರೆದರೆ ಅದು ಮತ್ತೆ ನನ್ನ ಭಾಷೆ.

"ಅತ್ತೆ, ಬೆಣ್ಣೆ ಎಲ್ಲಿಡ್ತೀರ?" ಎಂದೆ.

"ನೆಲುವಿನಲ್ಲಿ. ನಡುಮನೇಲಿ." ಒಂದು ಕ್ಷಣ ನನ್ನ ಮುಖದ ಕಡೆ ನೋಡಿದರು. "ಓ. ಕರಗಬಾರ್ದು, ಅಂಗಾ?"

"ಹಂಗೇ."

"ಅಷ್ಟ್ ಯೋಳೋಕ್ಕೆ ಎಲ್ಡ್ ತಿಂಗ್ಳು ತಗಂಡಲ್ಲವ್ವ."

ನಡುಮನೆಯ ತೊಲೆಯಿಂದ ತೂಗುವ ಹಗ್ಗದ ನೆಲುವಿನಲ್ಲಿ, ಬೆಣ್ಣೆಯ ಕುಡಿಕೆಯ ಪಕ್ಕ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸೆಲ್ ಏರಿತು. ತೇವವೂ ಸೋಕದು, ಕಾವೂ ತಾಗದು. ಇಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಲಾಟಿನ ಇನ್ನೆರಡು ಸೆಲ್ಲನ್ನು ತುಂಬಿಸಿ, ಒಂದನ್ನು ಮರಳಿನ ಡಬ್ಬಿಯಲ್ಲಿ ಹೂತು ಗೂಡಿನಲ್ಲಿಯೂ ಇನ್ನೊಂದನ್ನು ನೆಲುವಿನಲ್ಲಿಯೂ ಇಟ್ಟು, ಹತ್ತು ದಿನ ಮುಟ್ಟಬೇಡಿ ಎಂದು ಹೇಳಿ ಬಂದೆ.

ಒಂಬತ್ತನೆಯ ಬ್ಯಾರನ್ನಿನ ಐದು ದಿನಗಳಲ್ಲಿ ನಾನು ಕಾಲೇಜಿನಲ್ಲಿ ಫೋನನ್ನು ಎಷ್ಟು ಸಲ ನೋಡಿದೆನೋ. ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಮೈದುನ. "ಪೆಟ್ಗೆ ಮೂರ್ ಸಲ ಕೂಗ್ತು ಕಣ್ರೀ. ಅತ್ಗೆ ನೀರಿಗ್ ಹೋಗಿದ್ರು, ನಾನೇ ಸೌದೆ ಎಳ್ದೆ." ಆಮೇಲೆ, "ಯೋಳಣ ಅಂತ ಮಾಡ್ದೆ," ಎಂದು ಇಟ್ಟುಬಿಟ್ಟರು.

ಸೊಪ್ಪು ಇಳಿಸಿದ ಮೇಲೆ ಹೋದೆ. ಕಡ್ಡಿಗಳಿಂದ ಬಿಡಿಸಿದ ಎಲೆಯ ರಾಶಿಯ ಮುಂದೆ ಅತ್ತೆ ಕೂತು ವಿಂಗಡಿಸುತ್ತಿದ್ದರು. ಕಣ್ಣು ಬೇರೆಲ್ಲೋ ಇತ್ತು. ಬೆರಳುಗಳೇ ಎಲೆಯನ್ನು ಸವರಿ, ಇದು ಇಲ್ಲಿಗೆ, ಅದು ಅಲ್ಲಿಗೆ ಎಂದು ಹಾಕುತ್ತಿದ್ದವು. ಕೆಳಗಿನ ಸಾಲಿನದೂ ಹಳದಿಯೇ. ಮೈದುನ ಮುಂದಿನ ಬ್ಯಾರನ್ನಿಗೆ ಸೌದೆ ಒಡೆಯುತ್ತಿದ್ದರು. "ಅತ್ಗೆ, ಇಷ್ಟ್ ಸಾಕಾ, ಇನ್ನೂ ಒಂದ್ ತುಂಡ್ ಬೇಕಾ?" ಎಂದು ಅಲ್ಲಿಂದಲೇ ಕೇಳಿದರು. ಒಲೆಯ ಮಾತು ಅದರಲ್ಲಿ ಮುಗಿದಿತ್ತು.

ಹತ್ತು ದಿನ ತುಂಬಿದ ಮೇಲೆ ಎರಡೂ ಸೆಲ್ಲನ್ನು ತಂದು ಅಳೆದೆ. ನೆಲುವಿನದು ಎರಡು ಸಾವಿರದ ನಾನೂರ ಮೂವತ್ತು. ಗೂಡಿನದು ಎರಡು ಸಾವಿರದ ಇನ್ನೂರ ಐವತ್ತು. ಆಗ ನಂಬಿದೆ.

ಕೊನೆಯ ಬ್ಯಾರನ್ನಿಗೆ ಅನುಮಾನವೇ ಬೇಡವೆಂದು ಆಗಷ್ಟೇ ಅಳೆದ ಇನ್ನೆರಡು ಸೆಲ್ ಕೊಟ್ಟು ಬರಲು ಹೋದಾಗ ಅತ್ತೆ ಅವನ್ನು ಕೈಯಲ್ಲಿ ತಿರುಗಿಸಿದರು. ಹೆಬ್ಬೆರಳು ತಳದ ಅಂಚಿನ ಸುತ್ತ ಒಮ್ಮೆ ನಿಧಾನವಾಗಿ ಹೋಯಿತು.

"ಇದಕ್ಕೆ ಗೀರ್ ಆಕಿಲ್ವಲ್ಲ," ಎಂದರು.

 "ಗೊತ್ತಿತ್ತಾ ಅತ್ತೆ?"

"ಮೊದಲ್ನೇ ದಿನಾನೇ. ಕಣ್ಗೆ ಕಾಣಾಕಿಲ್ಲ, ಬೆರ್ಳಿಗೆ ಸಿಕ್ಕಾಕಿಲ್ವಾ? ಎಲ್ಡ್ ಗೀರು. ನಮ್ ಸೊಪ್ಪಿನ್ ಬೇಲ್‌ಗೂ ನಾವ್ ಗುರ್ತ್ ಆಕ್ತೀವಿ, ಮಾರ್ಕೆಟ್ನಲ್ಲಿ ಬದ್ಲಾಗಬಾರ್ದು ಅಂತ. ಗುರ್ತ್ ಆಕ್ದೋರು ಒಂದಿನ ಗುರ್ತ್ ನೋಡಾಕ್ ಬಂದೇ ಬತ್ತಾರೆ. ನೀನ್ ಬಂದು ಆ ಕಲ್ ಮ್ಯಾಲೆ ದಿನಪೂರ್ತಿ ಕುಂತಾಗ ಅಂದ್ಕಂಡೆ, ಇವ್ಳು ಕೇಳ್ತಾಳಾ, ನೋಡ್ಕಂಡೇ ಓಯ್ತಾಳಾ ಅಂತ."

"ಕೇಳಬಹುದಿತ್ತು," ಎಂದೆ. 

"ನಾನೂ ನಿನ್ ಪೆಟ್ಗೆ ನಂಬಿರ್ನಿಲ್ಲ ಬುಡು. ಅದು ನೂರು ಅಂದಾಗೆಲ್ಲ ಗೋಡೆಗ್ ಅಂಗೈ ಇಟ್ ನೋಡ್ತಿದ್ದೆ." ಸೆಲ್ಲನ್ನು ನನ್ನ ಕಡೆ ಚಾಚಿದರು. "ಅಲ್ಲಿ ಗೋಣಿ ಹೊಲಿಯೋ ಸೂಜಿ ಅದೆ. ಈಗ ಆಕು. ನನ್ ಮುಂದೆ."

ಸೂಜಿ ದಬ್ಬಣದಷ್ಟು ದಪ್ಪಗಿತ್ತು. ಗೀರುಗಳು ಒರಟಾಗಿ ಬಂದವು, ದೂರದಿಂದ ಕಾಣುವಷ್ಟು. ಅತ್ತೆ ಬೆರಳಾಡಿಸಿ ನೋಡಿ, ಒಂದನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ನೆಲುವಿಗೆ ಏರಿಸಲು ಒಳಗೆ ಹೋದರು. ನಾನು ನನ್ನ ಪುಸ್ತಕ ತೆರೆದೆ. ಪ್ರತಿ ಸೆಲ್ಲಿಗೂ ತೂಕ, ವೋಲ್ಟ್, ಮಿಲಿಆಂಪ್-ಗಂಟೆ, ಸೋರಿಕೆ ಎಂದು ನಾಲ್ಕು ಮನೆ ಎಳೆದಿದ್ದೆ. ಅವುಗಳ ಪಕ್ಕ ಐದನೆಯದನ್ನು ಎಳೆದು, ಮೇಲೆ 'ಎಲ್ಲಿಡುತ್ತಾರೆ' ಎಂದು ಬರೆದೆ. ಮೊದಲ ಸಾಲಿನಲ್ಲಿ: ಬೆಣ್ಣೆಯ ಪಕ್ಕ.